ಜೆಫರ್ಸನ್ ನಂತರ ಮಾಂಟಿಚೆಲೊ ಮನೆ ಯಾರ ಕೈಯಲ್ಲಿತ್ತು?

ಪ್ರಶ್ನೆ:
ಅಮೆರಿಕದ 5 ಸೆಂಟ್ ನಾಣ್ಯದ ಮೇಲೆ ಗುಮ್ಮಟ ಇರುವ ಮನೆಯೊಂದಿದೆ ಅಲ್ವಾ, ವರ್ಜೀನಿಯಾದ ಮಾಂಟಿಚೆಲೊ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ತಾವೇ ನಕ್ಷೆ ಬರೆದು ಕಟ್ಟಿಸಿದ್ದು. ಅವರು ತೀರಿಕೊಂಡಿದ್ದು 1826ರಲ್ಲಿ, ಈಗ ಮನೆ ನೋಡಿಕೊಳ್ಳುತ್ತಿರುವ ಟ್ರಸ್ಟಿಗೆ ಅದು ಬಂದಿದ್ದು 1923ರಲ್ಲಿ. ನಡುವೆ ಹತ್ತಿರ ಹತ್ತಿರ ನೂರು ವರ್ಷ ಅಲ್ಲಿ ಯಾರಿದ್ದರು? ಎಲ್ಲಿ ಹುಡುಕಿದರೂ ಜೆಫರ್ಸನ್ ಕಥೆಯೇ ಸಿಗುತ್ತದೆ.

ಉತ್ತರ:
ಜೆಫರ್ಸನ್ ಬಿಟ್ಟುಹೋದ ಸಾಲವೇ ಒಂದು ಲಕ್ಷ ಡಾಲರಿಗಿಂತ ಜಾಸ್ತಿ. ಮಗಳು ಮಾರ್ಥಾಗೆ ಮನೆ ಉಳಿಸಿಕೊಳ್ಳಲು ಆಗಲಿಲ್ಲ. 1831ರಲ್ಲಿ ಜೇಮ್ಸ್ ಬಾರ್ಕ್ಲೇ ಎಂಬ ಔಷಧಿ ವ್ಯಾಪಾರಿ ಕೊಂಡುಕೊಂಡು, ರೇಷ್ಮೆ ಮಾಡೋಣ ಅಂತ ಹಿಪ್ಪುನೇರಳೆ ಹಾಕಿದರು. ಅದು ಕೈಹತ್ತಲಿಲ್ಲ, ಮೂರೇ ವರ್ಷಕ್ಕೆ ಮಾರಿದರು.

ಉತ್ತರ:
ಮುಂದಿನದೇ ನಿಜವಾದ ಕಥೆ. 1834ರಲ್ಲಿ ಕೊಂಡವರು ನೌಕಾಪಡೆಯ ಅಧಿಕಾರಿ ಯುರಾಯ ಲೆವಿ. ಯಹೂದಿ. ಎಲ್ಲರಿಗೂ ಅವರವರ ಧರ್ಮ ಪಾಲಿಸುವ ಹಕ್ಕಿರಬೇಕು ಎಂದ ಜೆಫರ್ಸನ್ ಮೇಲೆ ಅವರಿಗೆ ಅಪಾರ ಗೌರವ, ಸ್ವಂತ ದುಡ್ಡಿನಲ್ಲಿ ಜೆಫರ್ಸನ್ ಪ್ರತಿಮೆ ಮಾಡಿಸಿ ಸಂಸತ್ತಿಗೆ ಕೊಟ್ಟಿದ್ದರು, ಅದು ಈಗಲೂ ಅಲ್ಲಿದೆ. ತಾಯಿ ರೇಚಲ್ ಅವರ ಸಮಾಧಿ ಮಾಂಟಿಚೆಲೊ ಮನೆಯ ಪಕ್ಕದಲ್ಲೇ ಇದೆ. 1862ರಲ್ಲಿ ಲೆವಿ ತೀರಿಕೊಂಡಾಗ ಮನೆಯನ್ನು ದೇಶಕ್ಕೇ ಬರೆದಿಟ್ಟಿದ್ದರು, ಆದರೆ ನೆಂಟರು ಕೋರ್ಟಿಗೆ ಹೋದರು, ವ್ಯಾಜ್ಯ 17 ವರ್ಷ ಎಳೆಯಿತು. ಅಷ್ಟರಲ್ಲಿ ಮನೆ ಹಾಳು ಬಿತ್ತು: ನೋಡಿಕೊಳ್ಳಲು ಇದ್ದವನು ಕೋಣೆಗಳಲ್ಲಿ ಧಾನ್ಯ ತುಂಬಿಸಿದ್ದ, ನೆಲಮಾಳಿಗೆಯಲ್ಲಿ ದನ ಕಟ್ಟಿದ್ದ. 1879ರಲ್ಲಿ ತಮ್ಮನ ಮಗ ಜೆಫರ್ಸನ್ ಲೆವಿ (ಹೆಸರು ನೋಡಿ!) ಉಳಿದವರ ಪಾಲು ಕೊಂಡು, ಕೈಯಿಂದ ಖರ್ಚು ಮಾಡಿ ರಿಪೇರಿ ಮಾಡಿಸಿದರು. ಟ್ರಸ್ಟಿಗೆ 5 ಲಕ್ಷ ಡಾಲರಿಗೆ ಮಾರಿದವರೂ ಇವರೇ. ಈ ಮನೆತನ ಸುಮಾರು 89 ವರ್ಷ ಇಟ್ಟುಕೊಂಡಿತ್ತು, ಜೆಫರ್ಸನ್‌ಗಿಂತ ಜಾಸ್ತಿ. ಇವರಿಲ್ಲದಿದ್ದರೆ ನೋಡಲು ಮನೆಯೇ ಇರುತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಉತ್ತರ:
ಲೆವಿಗಳ ಬಗ್ಗೆ ಒಪ್ಪುತ್ತೇನೆ. ಆದರೆ ಮಾಲೀಕರ ಹೆಸರಷ್ಟೇ ಹೇಳಿದರೆ ಸಾಲದು. ಇಟ್ಟಿಗೆ ಸುಟ್ಟು, ಮರಗೆಲಸ ಮಾಡಿ ಆ ಮನೆ ಎಬ್ಬಿಸಿದವರಲ್ಲಿ ಗುಲಾಮರು ಬಹಳ ಜನ. ಸಾಲ ತೀರಿಸಲು 1827ರ ಜನವರಿಯಲ್ಲಿ ಹರಾಜು ಇಟ್ಟಾಗ ಕುರ್ಚಿ ಮೇಜಿನ ಜೊತೆ 130 ಜನರನ್ನೂ ಮಾರಾಟಕ್ಕೆ ನಿಲ್ಲಿಸಿದರು. ಕಮ್ಮಾರ ಜೋಸೆಫ್ ಫಾಸೆಟ್ ಅವರಿಗೆ ಉಯಿಲಿನಲ್ಲಿ ಬಿಡುಗಡೆ ಬರೆದಿತ್ತು, ಹೆಂಡತಿ ಈಡಿತ್ ಮತ್ತು ಮಕ್ಕಳಿಗೆ ಇರಲಿಲ್ಲ, ಅವರನ್ನು ಹರಾಜು ಹಾಕಿದರು. ಯುರಾಯ ಲೆವಿ ಕೂಡ ಅಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು, ಅದನ್ನೂ ಸೇರಿಸಿಯೇ ಹೇಳಬೇಕು.

ಪ್ರಶ್ನೆ ಕೇಳಿದವರು:
ಫಾಸೆಟ್ ಕುಟುಂಬಕ್ಕೆ ಮುಂದೆ ಏನಾಯಿತು?

ಉತ್ತರ:
ಮಗ ಪೀಟರ್‌ಗೆ ಆಗ ಬರೀ 11 ವರ್ಷ. 1850ರ ಹೊತ್ತಿಗೆ ಬಿಡುಗಡೆ ಸಿಕ್ಕಿತು. ಆಮೇಲೆ ಸಿನ್ಸಿನಾಟಿಯಲ್ಲಿ ಪಾದ್ರಿಯಾದರು.