ಸಮಸ್ಯೆ: ಕೊಡಲಿ ಬೀಸಿದ ಕವಿಗೆ ಭೂಮಿ ಸಿಕ್ಕಿತ್ತು

ಗೆಳೆಯರೇ, ಈ ವಾರದ ಸಮಸ್ಯೆ ಮೇಲಿದೆ; ಉಳಿದ ಸಾಲು ಕಟ್ಟಿ ಪೂರಣ ಮಾಡಿ, ಅಂದರೆ ಪದ್ಯ ಪೂರ್ತಿ ಮಾಡಿ. ಪಂಚಮಾತ್ರೆಯ ಚೌಪದಿ (ಐದೈದು ಮಾತ್ರೆಯ, ಅಂದರೆ ಉಚ್ಚಾರದ ಅಳತೆಯ, ಗುಂಪುಗಳಿರುವ ನಾಲ್ಕು ಸಾಲು), ಕೊನೆಯ ಸಾಲು ಇದೇ. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ) ತಪ್ಪಿಸುವ ಹಾಗಿಲ್ಲ. ದಯವಿಟ್ಟು ಪರಶುರಾಮನನ್ನು ಕರೆತರಬೇಡಿ!

ಪೂರಣ 1

ಒಡೆಯನಾಳನು ಕೊಂದು ಕಡಲಾಚೆಗೋಡಿದನು
ನುಡಿಮಾಲೆ ಮೂರನ್ನು ಕಟ್ಟಿ ಕಳಿಸಿದನು
ಕಡುಕೋಪವಿಳಿದೊಡೆಯ ಕೈಹಿಡಿದು ಕರೆತಂದ
ಕೊಡಲಿ ಬೀಸಿದ ಕವಿಗೆ ಭೂಮಿ ಸಿಕ್ಕಿತ್ತು

ಇದು ಕಟ್ಟುಕತೆ ಅಲ್ಲ ಸಾರ್. ಐರ್ಲೆಂಡಿನ ಮುರೆಯಖ್ ಓ ಡಾಲಿ ಕವಿ ಮನೆತನದವನು, ಪದ್ಯ ಕಟ್ಟುವುದೇ ಕಸುಬು. 1213ರಲ್ಲಿ ಸ್ಲೈಗೊ ಸೀಮೆಯ ಲಿಸಡೆಲ್‌ನಲ್ಲಿದ್ದ ಇವನ ಮನೆಗೆ ಓ ಡೋನಲ್ ದೊರೆಯ ಆಳು ಕಂದಾಯ ವಸೂಲಿಗೆ ಬಂದ. ಬಾಯಿಗೆ ಬಂದಂತೆ ಮಾತಾಡಿದ. ಕವಿ ಹರಿತವಾದ ಕೊಡಲಿ ಎತ್ತಿಕೊಂಡು ಒಂದೇ ಏಟಿಗೆ ಮುಗಿಸಿದ. ಆಮೇಲೆ ಶುರುವಾಯ್ತು ಓಟ: ಮೊದಲು ನಾರ್ಮನ್ ಪ್ರಭು ರಿಚರ್ಡ್ ಡಿ ಬರ್ಗ್ ಹತ್ತಿರ ಆಶ್ರಯ, ದೊರೆ ಸೈನ್ಯ ಕಟ್ಟಿಕೊಂಡು ಬೆನ್ನಟ್ಟಿದಾಗ ಲಿಮರಿಕ್, ಅಲ್ಲಿಂದ ಡಬ್ಲಿನ್, ಕೊನೆಗೆ ಸ್ಕಾಟ್ಲೆಂಡ್. ಡಿ ಬರ್ಗ್‌ಗೆ ಬರೆದ ಪದ್ಯದಲ್ಲಿ ಪಶ್ಚಾತ್ತಾಪದ ಸುಳಿವೂ ಇಲ್ಲ. ಒಬ್ಬ ಒರಟ ನನ್ನನ್ನು ಬೈದ, ಕೊಂದೆ, ಇಷ್ಟಕ್ಕೇ ಹಗೆತನವೇ ಅಂತ ದೇವರನ್ನೇ ಕೇಳ್ತಾನೆ. ಎಂಥ ಕೊಬ್ಬು ಅಲ್ವಾ? ಕೊನೆಗೆ ದೊರೆಯನ್ನು ಹೊಗಳಿ ಮೂರು ಪದ್ಯ ಕಟ್ಟಿದ ಮೇಲೆ ಕ್ಷಮೆಯೂ ಸಿಕ್ಕಿತು, ಜಮೀನೂ ಸಿಕ್ಕಿತು.

ಪೂರಣ 2

ಬಡಪಾಯಿ ತೆರಿಗೆಯಾಳ್ ಮಡಿದುದಕೆ ಬೆಲೆಯೇನು
ಮಡದಿ ಮಕ್ಕಳ ಗೋಳ ಕೇಳಿದವರಾರು
ನುಡಿಗಾರನಿಗೆ ಮಾತ್ರ ದೊರೆಯ ದಯೆ ಬಲುಸುಲಭ
ಕೊಡಲಿ ಬೀಸಿದ ಕವಿಗೆ ಭೂಮಿ ಸಿಕ್ಕಿತ್ತು

ಅಕ್ಕ, ನಿಮ್ಮದು ಚೆನ್ನಾಗಿದೆ. ಆದ್ರೆ ಸತ್ತವನ ಪರ ಒಬ್ಬರಾದರೂ ಬೇಡವೇ? 'ಆಳ್' ಅಂತ ಮಾತ್ರೆಗಾಗಿ ಮೊಟಕು ಮಾಡಿದ್ದೇನೆ. ಬೈದರೆ ನನ್ನ ಹತ್ತಿರವೂ ಕೊಡಲಿ ಇದೆ.

ಪೂರಣ 1ರವರು: ತಮ್ಮಾ, ದಯೆ ಅಲ್ಲ ಅದು, ಲೆಕ್ಕಾಚಾರ. ಹೊಗಳಿಕೆ ಪದ್ಯವಿದ್ದರೆ ದೊರೆಯ ವಂಶದ ಹೆಸರು ಉಳಿಯುತ್ತೆ, ಕವಿ ಮುನಿದು ಬೈಗುಳ ಪದ್ಯ ಕಟ್ಟಿದರೆ ಊರೂರಿಗೂ ಮರ್ಯಾದೆ ಹೋಗುತ್ತೆ. ಬರೆಯುವುದೂ ಸುಲಭವಲ್ಲ. ಸಾಲುಸಾಲಿಗೂ ಅಕ್ಷರ ಎಣಿಸಿ ಪ್ರಾಸ ಕೂರಿಸಬೇಕು. ಅಲ್ಲಿನ ಕಾವ್ಯಶಾಲೆಗಳಲ್ಲಿ ಹುಡುಗರು ಕತ್ತಲೆ ಕೋಣೆಯಲ್ಲಿ ಹಾಸಿಗೆ ಮೇಲೆ ಮಲಗಿ ಇಡೀ ಪದ್ಯವನ್ನು ಮನಸ್ಸಲ್ಲೇ ಕಟ್ಟುತ್ತಿದ್ದರು. ದೀಪ ತಂದ ಮೇಲೇ ಬರೆದುಕೊಳ್ಳೋದು. ನಾವು ಮೊಬೈಲ್ ಹಿಡಿದುಕೊಂಡೂ ಮಾತ್ರೆ ತಪ್ತೀವಿ.

ಸಮಸ್ಯೆ ಕೊಟ್ಟವರು: ಎರಡೂ ಸೊಗಸಾಗಿವೆ, ನನ್ನ ಓಟು ಎರಡನೆಯದಕ್ಕೆ. ಮುಂದಿನ ಸಮಸ್ಯೆಯೂ ಇದೇ ಕವಿಯದ್ದಿರಲಿ. 20 ವರ್ಷ ಜೊತೆಗಿದ್ದು 11 ಮಕ್ಕಳನ್ನು ಹೆತ್ತ ಹೆಂಡತಿ ತೀರಿಕೊಂಡಾಗ, ನನ್ನ ಮೈಯಲ್ಲಿ ಅರ್ಧ ಹೋಯಿತು ಅಂತ ಬರೆದನಂತೆ ಈ ಪುಣ್ಯಾತ್ಮ. ತಗೊಳ್ಳಿ:

"ಅರ್ಧ ಮೈ ಹೂಳಿದರು ಅರ್ಧ ಹಾಡಿತ್ತು"

ಈ ಸಲ ಆದಿಪ್ರಾಸಕ್ಕೆ ವಿನಾಯಿತಿ. ಭಾನುವಾರದೊಳಗೆ ಹಾಕಿ.