ಮಕ್ಕಳ ಸೀನರಿ: ಎರಡು ಬೆಟ್ಟ, ನಡುವೆ ಸೂರ್ಯ ಬಿಟ್ಟು ಬೇರೆ ಬರೋ ಹಾಗೆ ಮಾಡೋದು ಹೇಗೆ?

ಹಸಿರುಪೆನ್ಸಿಲ್ (ಪ್ರಶ್ನೆ)

ಆರರಿಂದ ಹತ್ತು ವರ್ಷದ ಮಕ್ಕಳಿಗೆ ವಾರಕ್ಕೊಂದು ಗಂಟೆ ಡ್ರಾಯಿಂಗ್ ಹೇಳಿಕೊಡುತ್ತಿದ್ದೇನೆ. ಸೀನರಿ ಬಿಡಿಸಿ ಅಂದರೆ ಎಲ್ಲರ ಹಾಳೆಯಲ್ಲೂ ಒಂದೇ ಚಿತ್ರ: ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ. ಆಕಾಶ ಅಂದರೆ ಮೇಲಂಚಿನಲ್ಲಿ ಒಂದು ನೀಲಿ ಪಟ್ಟಿ, ಅದರ ಕೆಳಗೆಲ್ಲ ಖಾಲಿ ಬಿಳಿ. ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ಅದನ್ನೇ ನಕಲು ಮಾಡುತ್ತಾರೆ. ಹೊರಗೆ ಕೂರಿಸಿ, ಎದುರಿಗೆ ಕಾಣುವ ಬಯಲು, ಮರ, ಗುಡ್ಡ ನೋಡಿ ಬಿಡಿಸುವಂತೆ ಮಾಡಬೇಕು. ಯಾವ ಕ್ರಮ, ಯಾವ ಹಾಳೆ, ಯಾವ ಬಣ್ಣ?

ರಟ್ಟಿನ ಕಿಟಕಿ (ಉತ್ತರ)

ಮೊದಲು ಬೋರ್ಡ್ ಬಿಡಿ. ಅಲ್ಲಿ ಚಿತ್ರ ಬಂದ ಮೇಲೆ ಮಕ್ಕಳು ಹೊರಗೆ ನೋಡುವುದೇ ಇಲ್ಲ.

ಪ್ರತಿ ಮಗುವಿಗೂ ಒಂದು ರಟ್ಟಿನ ಕಿಟಕಿ ಮಾಡಿಕೊಡಿ. ಎ5 ಅಳತೆಯ ದಪ್ಪ ರಟ್ಟಿನ ನಡುವೆ 7 ಸೆಂ.ಮೀ. × 10 ಸೆಂ.ಮೀ. ತೂತು ಕತ್ತರಿಸಿದರೆ ಆಯಿತು. ಎ4 ಹಾಳೆಯ ಉದ್ದಗಲದ ಪ್ರಮಾಣವೂ ಹೆಚ್ಚುಕಡಿಮೆ ಇದೇ. ತೂತು ಚೌಕವಾಗಿದ್ದರೆ ಅದರಲ್ಲಿ ಕಂಡದ್ದನ್ನು ಹಾಳೆಗೆ ಹೊಂದಿಸಲು ಮಗು ಒದ್ದಾಡುತ್ತದೆ. ಒಂದು ಕಣ್ಣು ಮುಚ್ಚಿ, ಕೈ ಚಾಚಿ ನೋಡಬೇಕು. ಕೈ ಹತ್ತಿರ ತಂದಷ್ಟೂ ನೋಟ ಅಗಲವಾಗುತ್ತದೆ. ಇಡೀ ಬಯಲು ಬೇಡ. ಒಂದು ಮರ, ಒಂದಿಷ್ಟು ನೆಲ, ಹಿಂದೆ ಗುಡ್ಡದ ಅಂಚು, ಇಷ್ಟು ಸಾಕು.

ನೀಲಿ ಪಟ್ಟಿಯ ವಿಷಯ. ಐದರಿಂದ ಎಂಟರ ವಯಸ್ಸಿನಲ್ಲಿ ಅದು ಸಹಜ. ಆಕಾಶ ತಲೆಯ ಮೇಲಿದೆ, ನೆಲ ಕಾಲ ಕೆಳಗಿದೆ, ನಡುವೆ ಇರುವುದು ಗಾಳಿ ಎಂದು ಮಗುವಿಗೆ ಗೊತ್ತು, ಗೊತ್ತಿರುವುದನ್ನೇ ಬಿಡಿಸುತ್ತದೆ. ‘ತಪ್ಪು, ಕೆಳಗಿನವರೆಗೂ ಬಳಿ’ ಎಂದರೆ ಬಳಿಯುತ್ತದೆ, ಮುಂದಿನ ವಾರ ಮತ್ತೆ ಪಟ್ಟಿಯೇ. ಅದರ ಬದಲು ಕಿಟಕಿಯಲ್ಲಿ ನೋಡಿಸಿ, ‘ಆಕಾಶ ಎಲ್ಲಿ ಮುಗಿಯುತ್ತೆ? ಅಲ್ಲಿ ಅದಕ್ಕೆ ಏನು ತಾಗಿಕೊಂಡಿದೆ?’ ಎಂದು ಕೇಳಿ. ಗುಡ್ಡದ ಅಂಚನ್ನು ಬೆರಳಿನಿಂದ ಗಾಳಿಯಲ್ಲಿ ಗೀರಲಿ. ಹಾಳೆಯಲ್ಲಿ ಆ ಗೆರೆ ಎಲ್ಲಿ ಬರುತ್ತದೆ ಎಂದು ಮೊದಲು ಗುರುತು ಹಾಕಿಸಿ. ಅದು ಹಾಳೆಯ ನಟ್ಟನಡುವೆ ಬಂದರೆ ಚಿತ್ರ ಎರಡು ತುಂಡಾದಂತೆ ಕಾಣುತ್ತದೆ. ಮೇಲಿನ ಅಥವಾ ಕೆಳಗಿನ ಮೂರನೇ ಒಂದು ಭಾಗದ ಹತ್ತಿರ ಇರಲಿ.

ಮೇಣದ ಕಡ್ಡಿ (ಉತ್ತರ)

ಮರಗಳ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ, ನನ್ನ ಪ್ರಕಾರ ಮುಖ್ಯವಾದದ್ದು ಅದೇ. ‘ದೂರದ್ದು ಚಿಕ್ಕದು’ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಮಗು ಚಿಕ್ಕ ಮರ ಬಿಡಿಸುತ್ತದೆ, ಆದರೆ ದೊಡ್ಡ ಮರದ ಪಕ್ಕದಲ್ಲೇ, ಅದೇ ಗೆರೆಯ ಮೇಲೆ. ಆಗ ಅದು ಸಸಿಯಂತೆ ಕಾಣುತ್ತದೆ, ದೂರದ ಮರದಂತಲ್ಲ. ಸಮತಟ್ಟು ನೆಲದಲ್ಲಿ ದೂರ ಹೋದಷ್ಟೂ ಮರದ *ಬುಡ* ಹಾಳೆಯಲ್ಲಿ ಮೇಲೇರಬೇಕು. ಹಾಗಾಗಿ ಬುಡಗಳನ್ನಷ್ಟೇ ಮೊದಲು ಚುಕ್ಕಿ ಇಡಿಸಿ, ಆಮೇಲೆ ಕಾಂಡ ಏರಿಸಲಿ.

ಎರಡನೆಯದು, ಒಂದು ಇನ್ನೊಂದನ್ನು ಮರೆಮಾಡುವುದು. ಪೆನ್ಸಿಲ್ಲಿನಲ್ಲಿ ಹತ್ತಿರದ್ದನ್ನು ಮೊದಲು ಬಿಡಿಸಬೇಕು. ಹಿಂದಿನ ಗುಡ್ಡದ ಗೆರೆ ಮರಕ್ಕೆ ಬಂದು ನಿಂತು, ಆಚೆ ಕಡೆ ಮುಂದುವರಿಯಬೇಕು. ಗುಡ್ಡ ಮೊದಲು ಬಿಡಿಸಿದರೆ ಗೆರೆ ಮರದೊಳಗೆ ಹಾದುಹೋಗಿ, ರಬ್ಬರ್ ಉಜ್ಜಿ ಉಜ್ಜಿ ಹಾಳೆಯ ಮೈ ಏಳುತ್ತದೆ. ಬಣ್ಣದ ಕ್ರಮ ಇದಕ್ಕೆ ಉಲ್ಟಾ: ಆಕಾಶ, ದೂರದ ಗುಡ್ಡ, ನಡುವಿನ ನೆಲ, ಕಡೆಗೆ ಹತ್ತಿರದ ಮರ. ಪೆನ್ಸಿಲ್ ಎಚ್‌ಬಿ ಸಾಕು, ಒತ್ತಬಾರದು. 4ಬಿ, 6ಬಿಯಂಥ ಮೆತ್ತನೆಯ ಕಪ್ಪು ಪೆನ್ಸಿಲ್ ಕೊಟ್ಟರೆ ಕಪ್ಪು ಪುಡಿ ಹಳದಿಗೆ ಬೆರೆತು ಕೊಳೆಯಾಗುತ್ತದೆ.

ನದಿ, ದಾರಿ: ತಿರುವುಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ನದಿ ಗೋಡೆಗೆ ಅಂಟಿಸಿದ ರಿಬ್ಬನ್ನಿನಂತೆ ನೆಟ್ಟಗೆ ನಿಲ್ಲುತ್ತದೆ. ದೂರ ಹೋದಂತೆ ಅಗಲ ಕಿರಿದಾಗುವುದರ ಜೊತೆಗೆ ತಿರುವುಗಳೂ ಚಪ್ಪಟೆಯಾಗಿ ಒತ್ತೊತ್ತಾಗಬೇಕು.

ನೀರುಬಣ್ಣ (ಉತ್ತರ)

ಮೇಲಿನದಕ್ಕೆಲ್ಲ ಒಪ್ಪಿಗೆ, ಆದರೆ ಆರು ವರ್ಷದವರಿಗೆ ಬುಡ ಮೇಲೇರಿಸುವ ಪಾಠ ಬೇಡ. ಅವರಿಗೆ ಆಕಾಶ ಎಲ್ಲಿ ಮುಗಿಯುತ್ತದೆ ಎನ್ನುವುದಷ್ಟೇ ಸಾಕು. ಉಳಿದದ್ದು ಎಂಟು ದಾಟಿದವರಿಗೆ.

ಹಾಳೆ: ಕ್ರೇಯಾನ್, ಆಯಿಲ್ ಪೇಸ್ಟಲ್‌ಗೆ 120ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಡ್ರಾಯಿಂಗ್ ಶೀಟ್. ವಾಟರ್ ಕಲರ್ ಆದರೆ 300 ಜಿಎಸ್‌ಎಂ. ತೆಳು ಹಾಳೆ ನೀರು ಕುಡಿದು ಉಬ್ಬುತ್ತದೆ, ಬಣ್ಣ ತಗ್ಗುಗಳಲ್ಲಿ ನಿಂತು ಕಲೆಯಾಗುತ್ತದೆ. ಹೊರಗೆ ಕೂತಾಗ ಪೇಸ್ಟಲ್ಲೇ ಸಲೀಸು. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಕೈ ಕೆಳಗೆ ಒಂದು ರದ್ದಿ ಕಾಗದ ಇಟ್ಟುಕೊಳ್ಳಲಿ, ಇಲ್ಲವಾದರೆ ಆಕಾಶವೆಲ್ಲ ಹಸಿರು.

ಬಣ್ಣದಲ್ಲಿ ಮೂರು ಸಂಗತಿ ನೋಡಿಸಿ. ಮೋಡವಿಲ್ಲದ ಆಕಾಶ ನೆತ್ತಿಯಲ್ಲಿ ಗಾಢ, ದಿಗಂತದ ಹತ್ತಿರ ತಿಳಿ. ದೂರದ ಗುಡ್ಡದಲ್ಲಿ ಮರಗಳಿದ್ದರೂ ಅದು ಹಸಿರಾಗಿ ಕಾಣದೆ ನೀಲಿಯತ್ತ ತಿರುಗಿ ಮಸುಕಾಗಿರುತ್ತದೆ, ಏಕೆಂದರೆ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ, ಅದರಲ್ಲೂ ನೀಲಿಯನ್ನು ಹೆಚ್ಚು. ಹತ್ತಿರದ ಹುಲ್ಲಿನಲ್ಲಿ ಹಳದಿ ಹೆಚ್ಚು. ಡಬ್ಬಿಯಲ್ಲಿರುವ ಒಂದೇ ಹಸಿರನ್ನು ಎಲ್ಲದಕ್ಕೂ ಬಳಿದರೆ ಗುಡ್ಡ ಮುಂದಕ್ಕೆ ಬಂದುಬಿಡುತ್ತದೆ. ಹಸಿರು ಕಡ್ಡಿ ಎತ್ತಿಟ್ಟು ಹಳದಿ, ನೀಲಿ ಮಾತ್ರ ಕೊಡಿ. ಮೊದಲು ಹಳದಿ ಬಳಿದು ಮೇಲೆ ನೀಲಿ ಉಜ್ಜಲಿ. ತರತರದ ಹಸಿರು ತಾನಾಗಿ ಸಿಗುತ್ತದೆ. ಕಪ್ಪು ಕಡ್ಡಿಯನ್ನೂ ಎತ್ತಿಡಿ, ನೆರಳಿಗೆ ಗಾಢ ನೀಲಿ ಅಥವಾ ನೇರಳೆ ಸಾಕು.

ಹಸಿರುಪೆನ್ಸಿಲ್

ಬಹಳ ಉಪಯೋಗವಾಯಿತು. ಮರದ ಬಗ್ಗೆ ಒಂದು: ಎಲ್ಲರೂ ಕಡ್ಡಿಯ ಮೇಲೆ ಮೋಡ ಇಟ್ಟಂತೆ ಬಿಡಿಸುತ್ತಾರೆ. ಮತ್ತೆ, ಒಂದು ಗಂಟೆಯಲ್ಲಿ ಇಷ್ಟೆಲ್ಲ ಆಗುತ್ತಾ?

ಮೇಣದ ಕಡ್ಡಿ

ಮರವನ್ನು ಮುಟ್ಟಿ ನೋಡಿಸಿ. ಕಾಂಡ ಬುಡದಲ್ಲಿ ಅಗಲವಾಗಿ ಮಣ್ಣಿಗೆ ಸೇರುತ್ತದೆ, ಕವಲೊಡೆದಾಗಲೆಲ್ಲ ಕೊಂಬೆ ಸಣ್ಣದಾಗುತ್ತದೆ. ಕಾಂಡವನ್ನು ವೈ ಆಕಾರದಲ್ಲಿ ಎರಡು ಮೂರು ಸಲ ಕವಲೊಡೆಸಿ, ಎಲೆಗಳನ್ನು ಗುಂಪುಗುಂಪಾಗಿ ಕೂರಿಸಲಿ. ಗುಂಪುಗಳ ನಡುವೆ ಆಕಾಶ ಇಣುಕಲು ಜಾಗ ಬಿಡಲಿ. ಬಿಸಿಲು ಬೀಳುವ ಬದಿಗೆ ಹಳದಿ, ಇನ್ನೊಂದು ಬದಿಗೆ ನೀಲಿ ಹೆಚ್ಚು. ಬಿಸಿಲು ಯಾವ ಕಡೆಯಿಂದ ಎಂದು ನೆರಳು ನೋಡಿ ಹೇಳಲಿ, ಸೂರ್ಯನನ್ನು ನೇರ ನೋಡಕೂಡದು.

ಒಂದು ಗಂಟೆಗೆ ಆಗಲ್ಲ. ಮೊದಲ ದಿನ ಕಿಟಕಿಗೆ ಹತ್ತು ನಿಮಿಷ, ಪೆನ್ಸಿಲ್ಲಿಗೆ ಇಪ್ಪತ್ತೈದು, ಉಳಿದದ್ದರಲ್ಲಿ ಆಕಾಶ ಮಾತ್ರ. ಮುಂದಿನ ವಾರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂರಿಸಿ. ಹೊತ್ತು ಬದಲಾದರೆ ನೆರಳು ಬೇರೆ ಕಡೆಗೆ ಬಿದ್ದಿರುತ್ತದೆ, ಅರ್ಧ ಮಕ್ಕಳು ಎರಡೂ ನೆರಳು ಬಿಡಿಸುತ್ತಾರೆ.