ಹೆಲಿಕಾಪ್ಟರ್ ಇನ್‌ಸ್ಟ್ರುಮೆಂಟ್ ರೇಟಿಂಗ್: ಹುಡ್ ಹಾಕಿದ ಮೇಲೆ ಹಿಡಿತ ಸಿಗ್ತಿಲ್ಲ, ಸಲಹೆ ಕೊಡಿ

ಪ್ರಶ್ನೆ: ಕಮರ್ಷಿಯಲ್ ಲೈಸೆನ್ಸ್ ಆಗಿದೆ. ಈಗ ಆರ್44 ಅನ್ನೋ ಚಿಕ್ಕ ಹೆಲಿಕಾಪ್ಟರ್‌ನಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ) ತರಬೇತಿ ನಡೀತಿದೆ. ಆರು ಗಂಟೆ ಮುಗೀತು. ಹೊರಗಿನದು ಕಾಣದಂತೆ ಮರೆಮಾಡುವ ಹುಡ್ ಹಾಕಿಕೊಂಡರೆ ಸಾಕು, ಎತ್ತರ ಸರಿ ಮಾಡುವಷ್ಟರಲ್ಲಿ ಹೆಡಿಂಗ್ (ಮೂಗಿನ ದಿಕ್ಕು) ತಪ್ಪಿರುತ್ತದೆ. ಸಿಮ್ಯುಲೇಟರ್‌ನಲ್ಲಿ ಜಾಸ್ತಿ ಕೂತರೆ ಉಪಯೋಗ ಆಗುತ್ತಾ? ಪಾಸಾದವರು ದಯವಿಟ್ಟು ಹೇಳಿ.

ಉತ್ತರ 1: ನನಗೂ ಶುರುವಿನಲ್ಲಿ ಹೀಗೇ ಆಗುತ್ತಿತ್ತು. ಕಣ್ಣು ಸಾಲದು ಅಂದುಕೊಂಡಿದ್ದೆ, ತಪ್ಪು ಕೈಯಲ್ಲಿತ್ತು. ಎತ್ತರ ಇಳಿಯಿತು ಅಂತ ಕಲೆಕ್ಟಿವ್ (ಏರಿಸುವ, ಇಳಿಸುವ ಎಡಗೈ ಸನ್ನೆ) ಎತ್ತುತ್ತೀರಿ ಅಲ್ವಾ? ಆರ್44ನಲ್ಲಿ ಆಗ ಮೂಗು ಬಲಕ್ಕೆ ಹೊರಳುತ್ತದೆ, ಸ್ವಲ್ಪ ಮೇಲಕ್ಕೂ ಏಳುತ್ತದೆ. ಮೂಗು ಹೊರಳದಂತೆ ತಡೆಯೋಕೆ ಎಡ ಪೆಡಲ್ ಜೊತೆಜೊತೆಗೇ ಹೋಗಬೇಕು. ಹೊರಗೆ ನೋಡುತ್ತಾ ಹಾರುವಾಗ ಕಾಲು ಇದನ್ನು ತಾನೇ ಮಾಡುತ್ತದೆ. ಹುಡ್ ಹಾಕಿದ ಕೂಡಲೇ ಮರೆತುಬಿಡುತ್ತದೆ. ನಿಮ್ಮ ಹೆಡಿಂಗ್ ಹೋಗುತ್ತಿರುವುದು ಬಹುಶಃ ಇಲ್ಲೇ.

ಇನ್ನೊಂದು, ಸೈಕ್ಲಿಕ್ (ಹೆಲಿಕಾಪ್ಟರನ್ನು ವಾಲಿಸುವ ಬಲಗೈ ಕೋಲು) ಹಿಡಿಯುವ ರೀತಿ. ಒಂದು ದಿನ ಇಳಿದ ಮೇಲೆ ನೋಡಿಕೊಂಡರೆ ಅಂಗೈಯಲ್ಲಿ ಹಿಡಿಯ ಅಚ್ಚು ಕೆಂಪಗೆ ಮೂಡಿತ್ತು. ಅಷ್ಟು ಬಿಗಿ! ಮುಂಗೈಯನ್ನು ತೊಡೆಯ ಮೇಲೆ ಊರಿ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿಯಿರಿ ಅಂತ ನಮ್ಮ ಇನ್‌ಸ್ಟ್ರಕ್ಟರ್ ಹೇಳಿದರು. ವಾಲಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್‌ನಲ್ಲಿ ಒಂದು ಗೆರೆಯ ದಪ್ಪದಷ್ಟು ಬದಲಾವಣೆ ಸಾಕು. ಮಾಡಿ, ಕಾಯಿರಿ, ಆಮೇಲೆ ನೋಡಿ.

ಉತ್ತರ 2: ಸಿಮ್ಯುಲೇಟರ್ ಖಂಡಿತ ಬೇಕು, ಆದರೆ ಕೈ ಪಳಗಿಸೋಕಲ್ಲ. ಹೋಲ್ಡಿಂಗ್ (ಗಾಳಿಯಲ್ಲಿ ಸುತ್ತುತ್ತಾ ಕಾಯುವುದು), ಅಪ್ರೋಚ್ (ಇಳಿಯಲು ಸಮೀಪಿಸುವುದು), ರೇಡಿಯೊ, ಇವೆಲ್ಲ ಅಲ್ಲೇ ಬಾಯಿಪಾಠ ಆಗಲಿ. ತಪ್ಪಿದ ಕಡೆ ನಿಲ್ಲಿಸಿ ಮತ್ತೆ ಮಾಡಬಹುದು. 90 ನಾಟ್ ಗ್ರೌಂಡ್‌ಸ್ಪೀಡ್‌ನಲ್ಲಿ (ನೆಲಕ್ಕೆ ಹೋಲಿಸಿದ ವೇಗ) 3 ಡಿಗ್ರಿ ಗ್ಲೈಡ್‌ಸ್ಲೋಪ್ (ಇಳಿಯುವ ಓರೆ ದಾರಿ) ಅಂದರೆ ನಿಮಿಷಕ್ಕೆ ಸುಮಾರು 450ರಿಂದ 480 ಅಡಿ ಇಳಿತ. ಇಂಥ ಲೆಕ್ಕ ಹೆಲಿಕಾಪ್ಟರ್ ಒಳಗೆ ಕೂತು ಹಾಕುವಂತಾಗಬಾರದು. ಅಮೆರಿಕದ ನಿಯಮದಲ್ಲಿ 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ ಬೇಕು. ಮಾನ್ಯತೆ ಇರುವ ಸಿಮ್ಯುಲೇಟರ್ ಆದರೆ ಅದರಲ್ಲಿ ಒಂದು ಭಾಗ ಲೆಕ್ಕಕ್ಕೆ ಬರುತ್ತದೆ, ಖರ್ಚೂ ಉಳಿಯುತ್ತದೆ.

ಉತ್ತರ 3: ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನನ್ನ ಚಿಂತೆ ಪಾಸಾದ ಮೇಲಿನದು. ಆರ್44ಗೆ ಮೋಡದೊಳಗೆ ಹಾರುವ ಅನುಮತಿ ಇಲ್ಲ. ಹಾಗಾಗಿ ರೇಟಿಂಗ್ ಕೈಗೆ ಬಂದರೂ ನಿಜವಾದ ಮೋಡವನ್ನೇ ನೋಡದೆ ಇರಬಹುದು. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್‌ನಲ್ಲಿ ಎಸ್-76ಬಿ ಹೆಲಿಕಾಪ್ಟರ್ ಬಿದ್ದು ಒಂಬತ್ತು ಜನ ತೀರಿಕೊಂಡರು. ಪೈಲಟ್‌ಗೆ ಈ ರೇಟಿಂಗ್ ಇತ್ತು. ಮೇಲೇರುತ್ತಿದ್ದೇನೆ ಅಂತ ರೇಡಿಯೊದಲ್ಲಿ ಹೇಳುವಾಗ ಹೆಲಿಕಾಪ್ಟರ್ ಎಡಕ್ಕೆ ವಾಲಿ ಕೆಳಗಿಳಿಯುತ್ತಿತ್ತು. ನಿಧಾನಕ್ಕೆ ವಾಲಿದರೆ ಒಳಕಿವಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಹುಡ್ ಸಂದಿಯಿಂದ ಕಾಣುವ ನೆಲವನ್ನು ಕದ್ದು ನೋಡಬೇಡಿ. ಕಣ್ಣು ಮುಚ್ಚಿಸಿ, ಹೆಲಿಕಾಪ್ಟರನ್ನು ವಾಲಿಸಿ, ಆಮೇಲೆ ನಿಮ್ಮ ಕೈಗೆ ಕೊಡುವ ಅಭ್ಯಾಸವನ್ನು ಪ್ರತಿ ಪಾಠದಲ್ಲೂ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ.